ಪಿಕಪ್ ಒದೆಯುತ್ತೆ, ಶಾಕಪ್ ಬದಲಾಯಿಸ್ಲಾ? ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ಮೂಡಿಗೆರೆ ಕಡೆ. ಎಂಟು ವರ್ಷದಿಂದ ಇಸುಜು ವಿ-ಕ್ರಾಸ್ ಪಿಕಪ್ ಓಡಿಸುತ್ತಿದ್ದೇನೆ. ಅದಕ್ಕೂ ಮೊದಲು ತೋಟದ ಕೆಲಸಕ್ಕೆ ಬೊಲೆರೋ ಪಿಕಪ್ ಇತ್ತು. ಶಾಕಪ್, ಅಂದರೆ ಶಾಕ್ ಅಬ್ಸಾರ್ಬರ್, ವಿಷಯದಲ್ಲಿ ಎರಡು ಸಲ ದುಡ್ಡು ಕಳೆದುಕೊಂಡು ಮೂರನೇ ಸಲ ಸರಿ ಮಾಡಿಕೊಂಡವನು ಅಂತ ಊರಿಗೆಲ್ಲ ಗೊತ್ತು. ಹಾಗಾಗಿ ಪೆಟ್ರೋಲ್ ಬಂಕ್, ಮದುವೆ ಮನೆ, ಕಾಫಿ ಕ್ಯೂರಿಂಗ್ ಅಂಗಳ, ಎಲ್ಲಿ ಸಿಕ್ಕರೂ ಇದೇ ಮಾತು. ಜಾಸ್ತಿ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಬರೆದಿದ್ದೇನೆ.

## ಮೊದಲು ತಿಳಿಯಬೇಕಾದ್ದು

ಅಣ್ಣಾ, ಒಳ್ಳೇ ಶಾಕಪ್ ಹಾಕಿದ್ರೆ ಪಿಕಪ್ ಕಾರಿನ ಹಾಗೆ ಮೆತ್ತಗಾಗುತ್ತಾ?

ಕಾರಿನ ಹಾಗೆ ಆಗುವುದಿಲ್ಲ. ಎಷ್ಟು ಸುಧಾರಿಸುತ್ತದೆ ಅನ್ನುವುದು ನಿಮ್ಮ ಗಾಡಿಯ ಕಾಯಿಲೆ ಯಾವುದು ಅನ್ನುವುದರ ಮೇಲೆ ನಿಂತಿದೆ.

ಕಾಯಿಲೆ ಎರಡು ಥರ. ಒಂದು ಒದೆತ, ಇನ್ನೊಂದು ಕುಣಿತ. ಗುಂಡಿಯ ಅಂಚಿಗೆ ಚಕ್ರ ಬಡಿದ ತಕ್ಷಣ ಸೊಂಟಕ್ಕೆ ಒಂದು ಏಟು ಬೀಳುತ್ತದಲ್ಲ, ಅದು ಒದೆತ. ಹಂಪ್ ದಾಟಿ ಆದ ಮೇಲೂ ಗಾಡಿ ಮೂರು ಸಲ ಮೇಲೆ ಕೆಳಗೆ ಹೋಗುತ್ತದಲ್ಲ, ಅದು ಕುಣಿತ. ಗಾಡಿಯ ತೂಕ ಹೊರುವುದು ಸ್ಪ್ರಿಂಗ್. ಶಾಕಪ್ ತೂಕ ಹೊರುವುದಿಲ್ಲ. ಸ್ಪ್ರಿಂಗಿನ ಕುಣಿತವನ್ನು ಹಿಡಿದು ನಿಲ್ಲಿಸುವುದು ಮಾತ್ರ ಅದರ ಕೆಲಸ. ಒಳಗೆ ಆಯಿಲ್ ಇರುತ್ತದೆ. ಕೊಳವೆಯೊಳಗೆ ಹೋಗಿ ಬರುವ ರಾಡ್ ಆಡಿದಾಗ ಆಯಿಲ್ ಸಣ್ಣ ತೂತುಗಳಲ್ಲಿ ತೂರಿಕೊಂಡು ಹೋಗಬೇಕು. ಆಗ ಕುಣಿತದ ಶಕ್ತಿಯೆಲ್ಲ ಬಿಸಿಯಾಗಿ ಬದಲಾಗುತ್ತದೆ.

ಹಾಗಾಗಿ ನಿಮ್ಮದು ಕುಣಿತವಾದರೆ ಹೊಸ ಶಾಕಪ್ ಹಾಕಿದ ದಿನವೇ ವ್ಯತ್ಯಾಸ ಗೊತ್ತಾಗುತ್ತದೆ. ಬರೀ ಒದೆತವಾದರೆ ಮೊದಲು ಟೈರು ಮತ್ತು ಸ್ಪ್ರಿಂಗ್ ಕಡೆ ನೋಡಿ. ಈ ಎರಡನ್ನು ಬೇರೆ ಮಾಡಿ ನೋಡದೆ ಅಂಗಡಿಗೆ ಹೋದವರೇ ಜಾಸ್ತಿ. ನಾನೂ ಅವರಲ್ಲಿ ಒಬ್ಬ.

ಖಾಲಿ ಇದ್ದಾಗ ಎತ್ತಿ ಎತ್ತಿ ಹಾಕುತ್ತೆ, ಹತ್ತು ಮೂಟೆ ಹಾಕಿದ್ರೆ ಬೆಣ್ಣೆ ಹಾಗೆ ಹೋಗುತ್ತೆ. ಯಾಕೆ?

ಹಿಂದಿನ ಪ್ಲೇಟ್‌ಗಳನ್ನು, ಅಂದರೆ ಲೀಫ್ ಸ್ಪ್ರಿಂಗನ್ನು, ಪೂರ್ತಿ ಲೋಡ್ ಹೊರುವಂತೆ ಮಾಡಿರುತ್ತಾರೆ. ಖಾಲಿ ಗಾಡಿಗೆ ಅದು ಅಗತ್ಯಕ್ಕಿಂತ ಗಟ್ಟಿ. ಐವತ್ತು ಕೆ.ಜಿ. ಮೂಟೆ ಹೊರುವ ಹೆಗಲಿಗೆ ಒಂದು ಹೂವಿನ ಬುಟ್ಟಿ ಕೊಟ್ಟ ಹಾಗೆ, ಅದು ಬಗ್ಗುವುದೇ ಇಲ್ಲ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಒಂದರ ಮೇಲೊಂದು ಕೂತ ಪ್ಲೇಟ್‌ಗಳ ನಡುವೆ ಉಜ್ಜಾಟ ಇರುತ್ತದೆ. ಸಣ್ಣ ಪುಟ್ಟ ಏರುಪೇರಿಗೆ ಪ್ಲೇಟ್ ಜಾರುವುದೇ ಇಲ್ಲ, ಒಂದೇ ಕಬ್ಬಿಣದ ತುಂಡಿನ ಹಾಗೆ ನಿಂತುಬಿಡುತ್ತದೆ. ಸ್ಪ್ರಿಂಗ್ ಅಲುಗದಿದ್ದರೆ ಶಾಕಪ್ ಕೂಡ ಅಲುಗುವುದಿಲ್ಲ. ಆಗ ಲಕ್ಷ ರೂಪಾಯಿಯ ಶಾಕಪ್ ಹಾಕಿದರೂ ಅದಕ್ಕೆ ಕೆಲಸವೇ ಇಲ್ಲ. ಹಳ್ಳಿಯ ಸಿಮೆಂಟ್ ರಸ್ತೆಯ ಜಾಯಿಂಟ್‌ಗಳ ಮೇಲೆ ಖಾಲಿ ಗಾಡಿ ಟಕಟಕ ಅನ್ನುವುದು ಇದರಿಂದಲೇ.

ಶಾಕಪ್ ಹೋಗಿದೆ ಅಂತ ಗೊತ್ತಾಗೋದು ಹೇಗೆ? ಬಾನೆಟ್ ಒತ್ತಿ ನೋಡಿದ್ರೆ ಸಾಕಾ?

ಸಣ್ಣ ಕಾರಿಗೆ ಅದು ಸರಿ. ಪಿಕಪ್‌ನ ಹಿಂಭಾಗವನ್ನು ಇಬ್ಬರು ಸೇರಿ ಒತ್ತಿದರೂ ಬಗ್ಗುವುದಿಲ್ಲ. ನಾನು ಮಾಡುವುದು ಇಷ್ಟು.

ಮೊದಲು ಗಾಡಿಯ ಕೆಳಗೆ ಟಾರ್ಚ್ ಹಿಡಿದು ನೋಡಿ. ಶಾಕಪ್ ಮೈ ಮೇಲೆ ತೆಳ್ಳಗೆ ಎಣ್ಣೆ ಪಸೆ ಇದ್ದು ಅದರ ಮೇಲೆ ಧೂಳು ಕೂತಿದ್ದರೆ ಗಾಬರಿ ಬೇಡ, ಸೀಲ್ ಅಷ್ಟು ಬೆವರುತ್ತದೆ. ಅರ್ಧ ಮೈ ಒದ್ದೆಯಾಗಿ ಹನಿ ಇಳಿದಿದ್ದರೆ ಅದರ ಕಥೆ ಮುಗಿದಿದೆ.

ಆಮೇಲೆ ಟೈರನ್ನು ಅಂಗೈಯಿಂದ ಸುತ್ತಲೂ ಸವರಿ. ಒಂದು ಕಡೆ ತಗ್ಗು, ಒಂದು ಕಡೆ ಉಬ್ಬು ಅಂತ ಅಲೆ ಅಲೆಯಾಗಿ ಸವೆದಿದ್ದರೆ ಚಕ್ರ ರಸ್ತೆಗೆ ಅಂಟಿಕೊಳ್ಳದೆ ಕುಪ್ಪಳಿಸುತ್ತಿದೆ ಅಂತ ಅರ್ಥ.

ಮೂರನೆಯದು ನನಗೆ ಇಷ್ಟವಾದದ್ದು. ಹಾಳು ರಸ್ತೆಯಲ್ಲಿ ಹತ್ತು ಹದಿನೈದು ಕಿಲೋಮೀಟರ್ ಓಡಿಸಿ ನಿಲ್ಲಿಸಿ. ನಾಲ್ಕೂ ಶಾಕಪ್‌ಗಳ ಹತ್ತಿರ ಕೈಯ ಹಿಂಭಾಗ ಹಿಡಿಯಿರಿ. ಮುಟ್ಟಲು ಹೋಗಬೇಡಿ, ಕೆಲವು ಸಲ ಸುಡುವಷ್ಟು ಕಾದಿರುತ್ತವೆ. ಕೆಲಸ ಮಾಡಿದ್ದು ಬಿಸಿಯಾಗಿರುತ್ತದೆ. ಎಡಗಡೆಯದು ಬಿಸಿ, ಬಲಗಡೆಯದು ತಣ್ಣಗೆ ಅಂತಾದರೆ ಬಲಗಡೆಯದು ಸುಮ್ನೆ ನೇತಾಡುತ್ತಿದೆ. ನಮ್ಮ ಬೊಲೆರೋದಲ್ಲಿ ಹೀಗೇ ಸಿಕ್ಕಿಬಿತ್ತು. ಹೊರಗಿನಿಂದ ನೋಡಿದರೆ ಒಂದು ಹನಿ ಲೀಕ್ ಇರಲಿಲ್ಲ.

ಎಷ್ಟು ಕಿಲೋಮೀಟರಿಗೆ ಬದಲಾಯಿಸ್ಬೇಕು?

ಸಾಮಾನ್ಯವಾಗಿ ಹೇಳುವ ಲೆಕ್ಕ 80,000 ಕಿ.ಮೀ. ಅದು ಒಳ್ಳೆಯ ರಸ್ತೆಯ ಮಾತು. ದಿನಾ ಎಸ್ಟೇಟ್ ರಸ್ತೆಯಲ್ಲಿ ಓಡುವ ಗಾಡಿಗೆ 40,000ಕ್ಕೇ ಮುಗಿದಿದ್ದು ನೋಡಿದ್ದೇನೆ. ಬೆಂಗಳೂರು–ಹಾಸನ ಹೆದ್ದಾರಿ ಬಿಟ್ಟು ಇಳಿಯದ ಗಾಡಿ ಲಕ್ಷ ದಾಟಿದ್ದೂ ಉಂಟು. 20,000 ಕಿ.ಮೀ.ಗೆ ಒಂದು ಸಲ ಕೆಳಗೆ ಇಣುಕಿ ನೋಡಿ, ಸಾಕು.

ಶಾಕಪ್ ಒಂದೇ ದಿನ ಸಾಯುವುದಿಲ್ಲ, ದಿನಕ್ಕಿಷ್ಟು ಅಂತ ಸೋಲುತ್ತದೆ. ಓಡಿಸುವವನಿಗೆ ಅದು ಅಭ್ಯಾಸವಾಗಿಬಿಡುತ್ತದೆ. ಬೇರೆಯವರಿಗೆ ಒಂದು ಸಲ ಸ್ಟೀರಿಂಗ್ ಕೊಟ್ಟು ನೋಡಿ, ಮೊದಲ ಹಂಪಿನಲ್ಲೇ ಹೇಳುತ್ತಾರೆ.

ಶಾಕಪ್‌ಗೆ ದುಡ್ಡು ಹಾಕೋ ಮೊದಲು ಇನ್ನೇನು ನೋಡ್ಲಿ?

ಗಾಳಿ. ಹತ್ತರಲ್ಲಿ ಐದು ಗಾಡಿಗಳ ಕಥೆ ಇಲ್ಲಿಗೇ ಮುಗಿಯುತ್ತದೆ.

ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಒಂದು ಸ್ಟಿಕ್ಕರ್ ಇರುತ್ತದೆ. ಖಾಲಿ ಇದ್ದಾಗ ಎಷ್ಟು, ಲೋಡ್ ಇದ್ದಾಗ ಎಷ್ಟು ಗಾಳಿ ಅಂತ ಬೇರೆ ಬೇರೆ ಬರೆದಿರುತ್ತದೆ. ಪಂಕ್ಚರ್ ಅಂಗಡಿಯಲ್ಲಿ ಇದನ್ನು ಯಾರೂ ನೋಡುವುದಿಲ್ಲ. 'ಪಿಕಪ್ ಅಲ್ವಾ' ಅಂತ ಹಿಂದಿನ ಚಕ್ರಕ್ಕೆ ಕಲ್ಲಿನ ಹಾಗೆ ತುಂಬಿಬಿಡುತ್ತಾರೆ. ಸಣ್ಣ ಏಟಿಗೆ ಪ್ಲೇಟ್ ಬಗ್ಗುವುದಿಲ್ಲ ಅಂತ ಮೇಲೆ ಹೇಳಿದೆನಲ್ಲ, ಆಗ ಬಗ್ಗಬೇಕಾದ್ದು ಟೈರ್ ಒಂದೇ. ಅದನ್ನೂ ಕಲ್ಲು ಮಾಡಿದರೆ ಏಟೆಲ್ಲ ನೇರ ಸೀಟಿಗೆ. ಬೆಳಗ್ಗೆ ಟೈರ್ ತಣ್ಣಗಿರುವಾಗ ಸ್ಟಿಕ್ಕರ್ ನೋಡಿ ಖಾಲಿ ಲೆಕ್ಕಕ್ಕೆ ಇಳಿಸಿ. ಲೋಡ್ ಹಾಕುವ ದಿನ ಮರೆಯದೆ ಏರಿಸಿ. ಇಳಿಸಿದ ಗಾಳಿಯಲ್ಲೇ ಲೋಡ್ ಹೊಡೆದರೆ ಟೈರ್ ಕಾದು ಸಿಡಿಯುತ್ತದೆ. ಅದನ್ನು ನೆನಪಿಡುವುದು ಕಷ್ಟ ಅನ್ನುವವರು ಈ ಆಟಕ್ಕೇ ಹೋಗಬೇಡಿ.

ಆಮೇಲೆ ಬುಶ್‌ಗಳು, ಅಂದರೆ ಜೋಡಣೆಯ ಜಾಗದಲ್ಲಿ ಬೋಲ್ಟ್ ಸುತ್ತ ಕೂರುವ ರಬ್ಬರ್‌ಗಳು. ಶಾಕಪ್ ಕಣ್ಣಿನ (ಬೋಲ್ಟ್ ತೂರುವ ಬಳೆಯ) ರಬ್ಬರ್, ಪ್ಲೇಟಿನ ಎರಡೂ ತುದಿಯ ಬುಶ್, ಪ್ಲೇಟಿನ ತುದಿಯನ್ನು ಚಾಸಿಗೆ ಸೇರಿಸುವ ಶ್ಯಾಕಲ್. ರಬ್ಬರ್ ತಿಂದು ಹೋಗಿ ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತಿದ್ದರೆ ಶಾಕಪ್ ಹೊಸದಾದರೂ ಸದ್ದು ಹಾಗೇ ಇರುತ್ತದೆ. ಪ್ಲೇಟ್‌ಗಳ ತುದಿಯಲ್ಲಿ ಪ್ಲಾಸ್ಟಿಕ್ ಪ್ಯಾಡ್ ಇರುವ ಗಾಡಿಗಳಲ್ಲಿ ಅದು ಸವೆದು ಬಿದ್ದುಹೋಗಿರುತ್ತದೆ. ಪ್ಲೇಟ್ ಬಿಚ್ಚಿ, ತುಕ್ಕು ಕೆರೆದು, ಪ್ಯಾಡ್ ಹೊಸದು ಹಾಕಿಸಿ. ಒಂದು ದಿನದ ಕೂಲಿಯಲ್ಲಿ ಆಗುವ ಈ ಕೆಲಸದಿಂದ ನನ್ನ ಗಾಡಿಗೆ ಆದ ಉಪಕಾರ ಮೊದಲನೇ ಶಾಕಪ್ ಸೆಟ್ಟಿನಿಂದ ಆಗಲಿಲ್ಲ.

ಒಂದೇ ಲೀಕ್ ಆಗಿದೆ. ಒಂದೇ ಹಾಕಿದ್ರೆ ಆಗಲ್ವಾ?

ಜೋಡಿ ಹಾಕಿ. ಹಿಂದಿನದಾದರೆ ಹಿಂದಿನ ಎರಡೂ, ಮುಂದಿನದಾದರೆ ಮುಂದಿನ ಎರಡೂ. ಎಡ ಗಟ್ಟಿ, ಬಲ ಸಡಿಲ ಆದರೆ ತಿರುವಿನಲ್ಲಿ ಗಾಡಿ ಒಂದೊಂದು ಕಡೆಗೆ ಒಂದೊಂದು ಥರ ವಾಲುತ್ತದೆ.

ಹಳೇ ಶಾಕಪ್‌ಗೆ ಆಯಿಲ್ ತುಂಬಿಸಿ ಕೊಡ್ತಾರಂತೆ. ಕಾಲು ಭಾಗ ದುಡ್ಡಲ್ಲಿ ಆಗುತ್ತೆ. ಮಾಡಿಸ್ಲಾ?

ತೂತು ಕೊರೆದು, ಎಂಜಿನ್ ಆಯಿಲೋ ಗೇರ್ ಆಯಿಲೋ ಸಿಕ್ಕಿದ್ದು ಸುರಿದು, ವೆಲ್ಡ್ ಹೊಡೆದು, ಕಪ್ಪು ಬಣ್ಣ ಬಳಿದು ಕೊಡುತ್ತಾರೆ. ಎರಡು ವಾರ ಚೆನ್ನಾಗಿಯೇ ಇರುತ್ತದೆ. ದಪ್ಪ ಆಯಿಲ್ ಬೆಳಗಿನ ಚಳಿಯಲ್ಲಿ ಮರದ ತುಂಡಿನ ಹಾಗೆ ಗಟ್ಟಿ. ಬಿಸಿಯಾದ ಮೇಲೆ ನೀರಿನ ಹಾಗೆ. ಸವೆದ ಸೀಲ್ ಮಾತ್ರ ಹಾಗೇ ಇರುತ್ತದೆ, ಮತ್ತೆ ಸೋರುತ್ತದೆ. ಗ್ಯಾಸ್ ತುಂಬಿದ ಶಾಕಪ್‌ಗೆ ತೂತು ಕೊರೆಯುವುದು, ವೆಲ್ಡ್ ಮಾಡುವುದು ಅಪಾಯ, ಹತ್ತಿರವೂ ನಿಲ್ಲಬೇಡಿ.

ಬಿಚ್ಚಿ ರಿಪೇರಿ ಮಾಡಲೆಂದೇ ತಯಾರಾದ ದುಬಾರಿ ಶಾಕಪ್‌ಗಳ ಮಾತು ಬೇರೆ. ಅವಕ್ಕೆ ಸೀಲ್ ಕಿಟ್ ಸಿಗುತ್ತದೆ, ಆಯಿಲ್ ಮತ್ತು ಗ್ಯಾಸ್ ಎರಡನ್ನೂ ಲೆಕ್ಕವಾಗಿ ತುಂಬುತ್ತಾರೆ.

## ಅಂಗಡಿಗೆ ಹೋಗುವ ಮುಂಚೆ

ಗ್ಯಾಸ್ ಶಾಕಪ್ ಅಂದ್ರೆ ಒಳಗೆ ಆಯಿಲ್ ಇರಲ್ವಾ?

ಇರುತ್ತದೆ. ಎಲ್ಲದರಲ್ಲೂ ಕೆಲಸ ಮಾಡುವುದು ಆಯಿಲೇ. ರಾಡ್ ಜೋರಾಗಿ ಓಡಾಡುವಾಗ ಆಯಿಲ್ ಜೊತೆ ಗಾಳಿ ಕಲೆತು ನೊರೆ ಬರುತ್ತದೆ. ಮಜ್ಜಿಗೆ ಕಡೆದ ಹಾಗೆ ಅಂದುಕೊಳ್ಳಿ. ನೊರೆ ತೂತಿನಲ್ಲಿ ಸಲೀಸಾಗಿ ಜಾರಿಹೋಗುವುದರಿಂದ ತಡೆಯುವ ಶಕ್ತಿ ಹೋಗುತ್ತದೆ. ಒಳಗೆ ನೈಟ್ರೋಜನ್ ಒತ್ತಡ ಇಟ್ಟರೆ ನೊರೆ ಏಳುವುದು ಕಡಿಮೆ. ಗ್ಯಾಸ್‌ನ ಕೆಲಸ ಅಷ್ಟೇ. ಗ್ಯಾಸ್ ಅಂದ ತಕ್ಷಣ ಮೆತ್ತಗೆ ಅಂತ ತಿಳಿಯಬೇಡಿ. ಕೆಲವು ಗ್ಯಾಸ್ ಶಾಕಪ್‌ಗಳು ಹಳೆಯ ಆಯಿಲ್ ಶಾಕಪ್‌ಗಿಂತ ಗಟ್ಟಿಯಾಗಿಯೇ ಇರುತ್ತವೆ.

ಮಾನೋಟ್ಯೂಬ್ ಒಳ್ಳೇದಾ, ಟ್ವಿನ್ ಟ್ಯೂಬ್ ಒಳ್ಳೇದಾ?

ಟ್ವಿನ್ ಟ್ಯೂಬ್‌ನಲ್ಲಿ ಕೊಳವೆಯೊಳಗೆ ಇನ್ನೊಂದು ಕೊಳವೆ ಇರುತ್ತದೆ. ಕಂಪನಿಯಿಂದ ಬರುವ ಪಿಕಪ್‌ಗಳಲ್ಲಿ ಬಹುತೇಕ ಇದೇ. ಗ್ಯಾಸ್ ಇದ್ದರೂ ಕೆಲವೇ ಬಾರ್ ಒತ್ತಡ. ಮಾನೋಟ್ಯೂಬ್‌ನಲ್ಲಿ ಒಂದೇ ಕೊಳವೆ. ಆಯಿಲ್ ಒಂದು ಕಡೆ, ಗ್ಯಾಸ್ ಇನ್ನೊಂದು ಕಡೆ, ನಡುವೆ ತೇಲುವ ಒಂದು ಪಿಸ್ಟನ್. ಗ್ಯಾಸ್ ಒತ್ತಡ 20–25 ಬಾರ್ ತನಕ ಇರುತ್ತದೆ, ಕಾರಿನ ಟೈರಿನ ಹತ್ತು ಪಟ್ಟು. ಜರ್ಮನಿಯ ಬಿಲ್‌ಸ್ಟೈನ್ 1957ರಲ್ಲೇ ಮರ್ಸಿಡೀಸ್ ಕಾರಿಗೆ ಇದನ್ನು ಕೊಟ್ಟಿತ್ತು, ಹೊಸ ವಿದ್ಯೆಯೇನಲ್ಲ. ಆಯಿಲ್ ಇರುವ ಕೊಳವೆಗೇ ನೇರವಾಗಿ ಗಾಳಿ ಬಡಿಯುವುದರಿಂದ ಬೇಗ ತಣಿಯುತ್ತದೆ. ವೇಗವಾಗಿ, ದೂರ ಓಡಿಸುವವರಿಗೆ ಒಳ್ಳೆಯದು.

ಆದರೆ ತೋಟದ ದಾರಿಯಲ್ಲಿ ಅದಕ್ಕೊಂದು ಕೊರತೆ ಇದೆ. ಕಲ್ಲು ಸಿಡಿದು ಒಂದೇ ಕೊಳವೆ ತಗ್ಗಾದರೆ ಪಿಸ್ಟನ್ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಶಾಕಪ್ ಹೋಯಿತು. ಟ್ವಿನ್ ಟ್ಯೂಬ್‌ಗೆ ಹೊರಗೆ ತಗ್ಗಾದರೂ ಒಳಗಿನ ಕೊಳವೆಗೆ ಏನೂ ಆಗುವುದಿಲ್ಲ. ನಿಧಾನಕ್ಕೆ, ಹಾಳು ದಾರಿಯಲ್ಲಿ, ಖಾಲಿ ಓಡಿಸುವುದೇ ಜಾಸ್ತಿಯಾದರೆ ನಾನು ಟ್ವಿನ್ ಟ್ಯೂಬ್ ಗ್ಯಾಸ್ ಹಾಕಿ ಅನ್ನುತ್ತೇನೆ. ಸಣ್ಣ ಏಟಿಗೆ ಅದೇ ಮೆತ್ತಗೆ.

ಫೋಮ್ ಸೆಲ್ ಅಂತ ಒಂದು ಬಂದಿದ್ಯಂತಲ್ಲ?

ಆಸ್ಟ್ರೇಲಿಯಾದವರಿಗೆ ಬಹಳ ಪ್ರಿಯವಾದದ್ದು. ಅದೂ ಟ್ವಿನ್ ಟ್ಯೂಬೇ. ಗ್ಯಾಸ್ ಇರಬೇಕಾದ ಜಾಗದಲ್ಲಿ ಸ್ಪಂಜಿನಂಥ ಫೋಮ್ ಇರುತ್ತದೆ. ಗ್ಯಾಸ್‌ನ ಗುಳ್ಳೆಗಳು ಫೋಮ್ ಒಳಗೇ ಬಂಧಿಯಾಗಿರುವುದರಿಂದ ಆಯಿಲ್ ಜೊತೆ ಕಲೆಯುವುದಿಲ್ಲ. ಮೈ ದಪ್ಪ, ಆಯಿಲ್ ಜಾಸ್ತಿ, ತೂಕವೂ ಜಾಸ್ತಿ. ದಿನವಿಡೀ ಕಚ್ಚಾ ರಸ್ತೆಯಲ್ಲಿರುವ ಗಾಡಿಗೆ ಹೇಳಿ ಮಾಡಿಸಿದ್ದು. ಮಕ್ಕಳನ್ನು ಶಾಲೆಗೆ ಬಿಡುವ ಗಾಡಿಗೆ ಬೇಡ.

ಕಂಪನಿ ಶಾಕಪ್ಪೇ ಹಾಕ್ಲಾ, ಇಲ್ಲ ಆಸ್ಟ್ರೇಲಿಯಾದ್ದು ತರಿಸ್ಲಾ?

ಇಲ್ಲಿ ನಾನು ಕೆಟ್ಟ ಕಥೆ ಹೇಳಬೇಕು.

ಮೊದಲ ಸಲ ನಾನು ಹಾಕಿಸಿದ್ದು ಹೆವಿ ಲೋಡ್ ಕಿಟ್. ಅಂಗಡಿಯವರು 'ಸಾರ್, ಪ್ಲಾಂಟರ್ ಅಂದ್ಮೇಲೆ ಹೆವೀನೇ ತಗೊಳ್ಳಿ, ಒಂದೇ ಸಲ ಖರ್ಚು' ಅಂದರು. ಯಾವಾಗಲೂ 300 ಕೆ.ಜಿ. ಹೊತ್ತಿರುವ ಗಾಡಿಗೆಂದು ಮಾಡಿದ ಪ್ಲೇಟು, ಅದಕ್ಕೆ ತಕ್ಕ ಶಾಕಪ್ಪು. ಕೊಯ್ಲಿನ ಎರಡು ತಿಂಗಳು ಬಿಟ್ಟರೆ ನನ್ನ ಗಾಡಿಯ ಹಿಂದೆ ಇರುವುದು ಸ್ಟೆಪ್ನಿ ಜಾಕು ಮತ್ತು ಒಂದು ಹಗ್ಗ. ಹಾಕಿಸಿದ ಮರುದಿನ ಸಂತೆಯಿಂದ ಮೂವತ್ತು ಮೊಟ್ಟೆಯ ಟ್ರೇ ಹಿಂದಿನ ಸೀಟಿನಲ್ಲಿಟ್ಟುಕೊಂಡು ಬಂದೆ. ಮನೆಗೆ ಬಂದಾಗ ಒಂಬತ್ತು ಒಡೆದಿದ್ದವು. ಅಮ್ಮ ಏನೂ ಮಾತಾಡದೆ ಉಳಿದದ್ದನ್ನು ಎಣಿಸಿ ಒಳಗಿಟ್ಟರು. ಆ ಮೌನಕ್ಕಿಂತ ಬೈಗುಳ ವಾಸಿ.

ತಪ್ಪು ಕಿಟ್ಟಿನದಲ್ಲ. ಆಸ್ಟ್ರೇಲಿಯಾದ ಓಲ್ಡ್ ಮ್ಯಾನ್ ಈಮು, ಐರನ್‌ಮ್ಯಾನ್, ಟಫ್ ಡಾಗ್ ಎಲ್ಲರೂ ಒಂದೇ ಗಾಡಿಗೆ ಹಲವು ಥರದ ತೂಕಕ್ಕೆ ಬೇರೆ ಬೇರೆ ಸ್ಪ್ರಿಂಗ್ ಕೊಡುತ್ತಾರೆ. ವರ್ಷದಲ್ಲಿ ಜಾಸ್ತಿ ದಿನ ನಿಮ್ಮ ಗಾಡಿ ಎಷ್ಟು ಹೊರುತ್ತದೋ ಅದನ್ನು ನೋಡಿ ಆರಿಸಬೇಕು. ವರ್ಷಕ್ಕೊಮ್ಮೆ ಹೊರುವ ತೂಕಕ್ಕಲ್ಲ.

ವಿ-ಕ್ರಾಸ್ ಇರುವವರಿಗೆ ಇನ್ನೊಂದು ಎಚ್ಚರಿಕೆ. ಆಂಧ್ರದ ಶ್ರೀಸಿಟಿಯಲ್ಲಿ ತಯಾರಾಗುವ ನಮ್ಮ ವಿ-ಕ್ರಾಸ್ ಅಂದರೆ ಇಸುಜುವಿನ ಡಿ-ಮ್ಯಾಕ್ಸ್ ಪಿಕಪ್‌ನ ಹಿಂದಿನ ತಲೆಮಾರು. ಆಸ್ಟ್ರೇಲಿಯಾದಲ್ಲಿ 2020ರಲ್ಲಿ ಹೊಸ ತಲೆಮಾರು ಬಂದಿದೆ. ತರಿಸುವಾಗ 2012ರಿಂದ 2020ರ ಮಾದರಿಯದ್ದೇ ಕೇಳಿ. ಅಲ್ಲಿಯ ಆ ಮಾದರಿಗೆ 3.0 ಲೀಟರ್ ಎಂಜಿನ್. ನಮ್ಮಲ್ಲಿ ಮೊದಲು 2.5, ಈಗ 1.9. ಅವರ ಬುಲ್‌ಬಾರ್ (ಮುಂದಿನ ಕಬ್ಬಿಣದ ಗಾರ್ಡ್), ವಿಂಚ್ (ಹಗ್ಗ ಸುತ್ತಿ ಎಳೆಯುವ ಯಂತ್ರ) ಇವುಗಳ ತೂಕದ ಲೆಕ್ಕದ ಮುಂದಿನ ಸ್ಪ್ರಿಂಗ್ ತಂದು 1.9ಕ್ಕೆ ಹಾಕಿದರೆ ಮೂತಿ ಆಕಾಶ ನೋಡುತ್ತದೆ.

ಹೆಚ್ಚಿನವರಿಗೆ ಕಂಪನಿ ಶಾಕಪ್ ಹೊಸದಾಗಿ ಹಾಕಿದರೆ ಸಾಕು. ಸತ್ತುಹೋದ ಹಳೆಯದರ ಜೊತೆ ಹೊಸ ದುಬಾರಿಯದನ್ನು ಹೋಲಿಸಿ 'ಆಹಾ' ಅನ್ನುತ್ತಾರೆ. ಹೊಸ ಕಂಪನಿಯದನ್ನು ಹಾಕಿದ್ದರೂ ಅರ್ಧ ಆಹಾ ಬರುತ್ತಿತ್ತು.

ನಮ್ದು ಬೊಲೆರೋ ಪಿಕಪ್, ಬಾಡಿಗೆ ಗಾಡಿ. ನಮಗೂ ಇದೆಲ್ಲ ಬೇಕಾ?

ಬೇಡ. ಗೇಬ್ರಿಯಲ್ ಅಥವಾ ಮನ್ರೋದಂಥ ಹೆಸರಿರುವ ಕಂಪನಿಯ, ನಿಮ್ಮ ಮಾಡೆಲ್ಲಿಗೇ ಆದ ಶಾಕಪ್ ಬಿಲ್ ಸಮೇತ ತಗೊಳ್ಳಿ. ನಕಲಿ ಪೆಟ್ಟಿಗೆಗಳಿರುವುದರಿಂದ ಬಿಲ್ ಮುಖ್ಯ. ಟಾಟಾ ಏಸ್‌ಗೂ ಇದೇ ಮಾತು. ಉಳಿದ ದುಡ್ಡಲ್ಲಿ ಡ್ರೈವರ್ ಸೀಟಿನ ಸ್ಪಂಜ್ ಬದಲಾಯಿಸಿ. ತಮಾಷೆಯಲ್ಲ. ದಿನಕ್ಕೆ ಹತ್ತು ಗಂಟೆ ಕೂರುವವನ ಬೆನ್ನಿಗೆ ಒಳ್ಳೆಯ ಸೀಟು ಕೊಡುವ ಆರಾಮ ದೊಡ್ಡದು.

ಸ್ಕ್ರೂ ತಿರುಗಿಸಿ ಗಟ್ಟಿ-ಮೆತ್ತಗೆ ಮಾಡೋ ಶಾಕಪ್ ತಗೊಂಡ್ರೆ ಎರಡೂ ಕೆಲಸ ಆಗುತ್ತಲ್ಲ?

ಆಗುತ್ತದೆ, ತಿರುಗಿಸಿದರೆ. ಒಂಬತ್ತು ಹಂತದ ಶಾಕಪ್ ಹಾಕಿಸಿದ ಸ್ನೇಹಿತರೊಬ್ಬರು ಮೂರು ವರ್ಷದಿಂದ ಐದರಲ್ಲೇ ಇಟ್ಟಿದ್ದಾರೆ. ಕೆಸರು ಕಟ್ಟಿ ಸ್ಕ್ರೂ ಈಗ ತಿರುಗುವುದೂ ಇಲ್ಲ. ಸೋಮವಾರ ಖಾಲಿ, ಮಂಗಳವಾರ ಟನ್ ಲೋಡ್ ಅಂತ ಓಡುವ ಶಿಸ್ತಿನ ಮನುಷ್ಯರಿಗೆ ಇದು ಸರಿ.

ಎರಡು ಇಂಚು ಲಿಫ್ಟ್ ಮಾಡಿಸಿದ್ರೆ ಹಂಪಲ್ಲಿ ಆರಾಮ ಆಗುತ್ತಂತೆ, ನಿಜಾನಾ?

ಹೊಟ್ಟೆ ತಾಗುವುದು ತಪ್ಪುತ್ತದೆ, ಆರಾಮ ಬರುವುದಿಲ್ಲ. ಹಳೆಯ ಶಾಕಪ್ ಇಟ್ಟುಕೊಂಡು ಬರೀ ಸ್ಪೇಸರ್ (ಎತ್ತರಿಸುವ ತುಂಡು) ತುರುಕಿ ಎತ್ತಿಸಿದರೆ ಇನ್ನೂ ಕೆಡುತ್ತದೆ. ಗಾಡಿ ಮೇಲೆದ್ದಷ್ಟೂ ಶಾಕಪ್ ಮೊದಲೇ ಎಳೆದುಕೊಂಡಿರುತ್ತದೆ. ಚಕ್ರ ಗುಂಡಿಗೆ ಇಳಿದಾಗ ಅದಕ್ಕೆ ಇನ್ನು ಉದ್ದವಾಗಲು ಜಾಗವಿಲ್ಲ, ಕೊನೆಗೆ ಬಡಿದು ಟಕ್ ಅನ್ನುತ್ತದೆ. ಲಿಫ್ಟ್ ಮಾಡಿದರೆ ಅದಕ್ಕೆ ತಕ್ಕ ಉದ್ದದ ಶಾಕಪ್ ಹಾಕಲೇಬೇಕು. ಅಷ್ಟೇ ಅಲ್ಲ, ಪೂರ್ತಿ ಒತ್ತಿದಾಗ ಬಂಪ್ ಸ್ಟಾಪ್ ರಬ್ಬರ್ ಮೊದಲು ತಾಗಬೇಕು, ಶಾಕಪ್ ತಳ ಮುಟ್ಟಬಾರದು.

ಹಂಪಿನ ಮಾತು ಬಂತು ಅಂತ ಹೇಳುತ್ತೇನೆ. ರಸ್ತೆಗಳ ಅಳತೆ ಗೊತ್ತು ಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ. ಅದರ ಮೇಲೆ ಗಂಟೆಗೆ 25 ಕಿ.ಮೀ. ವೇಗದಲ್ಲಿ ಸುಖವಾಗಿ ಹೋಗಬಹುದು. ನಮ್ಮ ಊರಿನ ಹಂಪ್‌ಗಳನ್ನು ಅಳೆದು ನೋಡಿ. ಕೆಲವು ಮಲಗಿದ ತೆಂಗಿನ ಮರದ ಹಾಗಿವೆ.

## ಬಿಚ್ಚಿ ಜೋಡಿಸುವಾಗ

ನಾನೇ ಹಾಕ್ಬಹುದಾ?

ಹಿಂದಿನದು ಹಾಕಬಹುದು. ಮುಂದಿನದು ಬೇಡ. ವಿ-ಕ್ರಾಸ್, ಬಿಡದಿಯಲ್ಲಿ ಜೋಡಿಸುವ ಟೊಯೋಟಾ ಹೈಲಕ್ಸ್ ಎರಡಕ್ಕೂ ಮುಂದೆ ಕಾಯಿಲ್ ಸ್ಪ್ರಿಂಗ್ ಶಾಕಪ್ ಸುತ್ತಲೇ ಕೂತಿರುತ್ತದೆ. ಅದನ್ನು ಬಿಚ್ಚಲು ಸ್ಪ್ರಿಂಗನ್ನು ಹಿಸುಕಿ ಹಿಡಿಯಬೇಕು. ಕೈ ಜಾರಿದರೆ ಅದು ಗುಂಡಿನ ಹಾಗೆ ಚಿಮ್ಮುತ್ತದೆ. ಅದನ್ನು ಸರಿಯಾದ ಸ್ಪ್ರಿಂಗ್ ಕಂಪ್ರೆಸರ್ ಇರುವ ಗ್ಯಾರೇಜಿಗೆ ಬಿಡಿ.

ಹಿಂದಿನ ಶಾಕಪ್‌ಗೆ ಮುನ್ನಾದಿನವೇ ನಟ್‌ಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ಗಾಡಿಯನ್ನು ಜಾಕ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಬರೀ ಜಾಕ್ ನಂಬಿ ಕೆಳಗೆ ತೂರಬೇಡಿ. ಹಿಂದಿನ ಆಕ್ಸಲ್‌ಗೆ ಬೇರೆ ಜಾಕ್ ಆನಿಸಿ. ಒಂದು ಕಡೆಯದು ಬಿಚ್ಚಿ ಹಾಕಿದ ಮೇಲೆಯೇ ಇನ್ನೊಂದು ಕಡೆ. ಹಲವು ಪಿಕಪ್‌ಗಳಲ್ಲಿ ಒಂದು ಶಾಕಪ್ ಆಕ್ಸಲ್‌ನ ಮುಂದಕ್ಕೆ, ಇನ್ನೊಂದು ಹಿಂದಕ್ಕೆ ವಾಲಿರುತ್ತದೆ. ಅದು ತಪ್ಪಲ್ಲ. ಬ್ರೇಕ್, ಆಕ್ಸಿಲರೇಟರ್ ಜೋರಾದಾಗ ಆಕ್ಸಲ್ ತಿರುಚಿಕೊಂಡು ಕುಪ್ಪಳಿಸದಿರಲಿ ಅಂತ ಹಾಗೆ ಮಾಡಿರುತ್ತಾರೆ. ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ.

ಟ್ವಿನ್ ಟ್ಯೂಬ್ ಶಾಕಪ್ ಅಂಗಡಿಯಲ್ಲಿ ಅಡ್ಡ ಮಲಗಿರುತ್ತದೆ, ಒಳಗೆ ಗಾಳಿಯೋ ಗ್ಯಾಸೋ ತಪ್ಪು ಜಾಗ ಸೇರಿರುತ್ತದೆ. ಹಾಕುವ ಮೊದಲು ನೆಟ್ಟಗೆ ಹಿಡಿದು ನಾಲ್ಕೈದು ಸಲ ಪೂರ್ತಿ ಎಳೆದು ಒತ್ತಿ. ಹೊಳೆಯುವ ರಾಡನ್ನು ಮಾತ್ರ ಪ್ಲೈಯರ್‌ನಿಂದ ಹಿಡಿಯಬೇಡಿ. ಕೂದಲೆಳೆಯಷ್ಟು ಗೀರು ಬಿದ್ದರೂ ಸೀಲ್ ಹರಿದು ತಿಂಗಳಲ್ಲಿ ಸೋರುತ್ತದೆ.

ಹೊಸ ಶಾಕಪ್ ಕೈಯಲ್ಲಿ ಒತ್ತಿದ್ರೆ ವಾಪಸ್ ಮೇಲೆ ಬರಲ್ಲ. ಕೆಟ್ಟಿದ್ದು ಕೊಟ್ರಾ?

ಗ್ಯಾಸ್ ಇಲ್ಲದ ಶಾಕಪ್ ಒತ್ತಿದಲ್ಲೇ ನಿಲ್ಲುತ್ತದೆ, ಅದು ಸರಿ. ಮಾನೋಟ್ಯೂಬ್ ಆದರೆ ಮೂವತ್ತು ನಲವತ್ತು ಕೆ.ಜಿ. ಬಲದಿಂದ ತಾನೇ ಮೇಲೆ ಬರುತ್ತದೆ. ಅದು ಬರದಿದ್ದರೆ ವಾಪಸ್ ಕೊಡಿ.

ಹೊಸದು ಹಾಕಿದ ವಾರಕ್ಕೇ ಕಟಕಟ ಸದ್ದು. ಯಾಕೆ?

ಬೋಲ್ಟ್ ಬಿಗಿ ಮಾಡಿದ ರೀತಿ ತಪ್ಪಿರುತ್ತದೆ. ಶಾಕಪ್ ಮತ್ತು ಪ್ಲೇಟಿನ ರಬ್ಬರ್ ಬುಶ್ ಬೋಲ್ಟನ್ನು ಗಾಡಿ ಗಾಳಿಯಲ್ಲಿ ನೇತಾಡುವಾಗಲೇ ಪೂರ್ತಿ ಬಿಗಿದರೆ, ಕೆಳಗಿಳಿಸಿದಾಗ ರಬ್ಬರ್ ತಿರುಚಿಕೊಂಡೇ ಉಳಿಯುತ್ತದೆ. ದಿನಾ ತಿರುಚಿ ತಿರುಚಿ ಹರಿಯುತ್ತದೆ, ಗಾಡಿಯೂ ಗಟ್ಟಿ ಅನ್ನಿಸುತ್ತದೆ. ಮೊದಲು ಕೈಬಿಗಿ ಮಾಡಿ, ಚಕ್ರ ನೆಲಕ್ಕೆ ತಾಗಿ ಗಾಡಿಯ ತೂಕ ಕೂತ ಮೇಲೆ ಬಿಗಿ ಅಳೆಯುವ ಟಾರ್ಕ್ ರೆಂಚ್‌ನಿಂದ ಕೊನೆಯ ಬಿಗಿ. ಎಷ್ಟು ಗ್ಯಾರೇಜಿನಲ್ಲಿ ಇದನ್ನು ಮಾಡುತ್ತಾರೆ ಅಂದರೆ ನನ್ನ ಎರಡನೇ ಸಲದ ಕಥೆ ಕೇಳಿ. ಶಾಕಪ್ ಸರಿಯಾದದ್ದೇ ತಂದಿದ್ದೆ. ಹುಡುಗ ಗಾಡಿ ಗ್ಯಾರೇಜಿನ ಲಿಫ್ಟ್ ಮೇಲಿರುವಾಗಲೇ ಇಂಪ್ಯಾಕ್ಟ್ ಗನ್‌ನಿಂದ ಟರ್ರ್ ಅನ್ನಿಸಿ ಇಳಿಸಿದ. ಐದು ತಿಂಗಳಿಗೆ ನಾಲ್ಕೂ ಬುಶ್ ಹೋದವು. ಈಗ ನಾನೇ ಪಕ್ಕದಲ್ಲಿ ನಿಲ್ಲುತ್ತೇನೆ.

ಅಲೈನ್‌ಮೆಂಟ್ ಮಾಡಿಸ್ಲೇಬೇಕಾ?

ಹಿಂದಿನದು ಮಾತ್ರ ಬದಲಾಯಿಸಿದರೆ ಬೇಡ. ಮುಂದಿನದಕ್ಕೆ ಕೈ ಹಾಕಿದರೆ ಬೇಕು. ಎತ್ತರ ಬದಲಾದರೆ ಖಂಡಿತ ಬೇಕು. 500 ಕಿ.ಮೀ. ಓಡಿದ ಮೇಲೆ ಬೋಲ್ಟ್‌ಗಳನ್ನು ಇನ್ನೊಮ್ಮೆ ನೋಡಿಸಿ.

## ಇನ್ನೂ ಸ್ವಲ್ಪ ಆಳಕ್ಕೆ

ಲೋಡ್ ಇದ್ದಾಗ ತೇಲುತ್ತೆ, ಖಾಲಿ ಇದ್ದಾಗ ಗಟ್ಟಿ. ಎರಡಕ್ಕೂ ಸರಿಹೋಗೋ ಶಾಕಪ್ ಇಲ್ವಾ?

ಲೆಕ್ಕವೇ ಅದಕ್ಕೆ ಬಿಡುವುದಿಲ್ಲ. ಹಿಂದಿನ ಸ್ಪ್ರಿಂಗ್ ಮೇಲೆ ಖಾಲಿ ಇದ್ದಾಗ 600 ಕೆ.ಜಿ., ಲೋಡ್ ಇದ್ದಾಗ 1,500 ಕೆ.ಜಿ. ಕೂತಿದೆ ಅಂದುಕೊಳ್ಳಿ. ತೂಕ ಎರಡೂವರೆ ಪಟ್ಟಾಯಿತು. ಅದೇ ಶಾಕಪ್‌ನ ಹಿಡಿತ ಈ ಎರಡೂವರೆಯ ವರ್ಗಮೂಲದಷ್ಟು, ಅಂದರೆ ಸುಮಾರು 1.6 ಪಟ್ಟು, ಕಡಿಮೆಯಾಗುತ್ತದೆ. ಲೋಡಿಗೆ ಸರಿಯಾದದ್ದು ಖಾಲಿಗೆ ಬಿಗಿ, ಖಾಲಿಗೆ ಸರಿಯಾದದ್ದು ಲೋಡಿಗೆ ಸಡಿಲ. ನಿಮ್ಮ ದಿನಗಳು ಯಾವ ಕಡೆ ಜಾಸ್ತಿ ಇವೆಯೋ ಆ ಕಡೆ ವಾಲಬೇಕು. ಒಂದೆರಡು ಸಲದ ದೊಡ್ಡ ಲೋಡಿಗೆ ನಿಧಾನ ಹೋದರಾಯಿತು.

ಹಳೆಯ ಉಪಾಯವೂ ಉಂಟು. ದೂರ ಖಾಲಿ ಹೋಗುವಾಗ ಎರಡು ಮೂಟೆ ಮರಳು ಆಕ್ಸಲ್ ಮೇಲೆ ಬರುವಂತೆ ಇಟ್ಟು ಬಿಗಿಯಾಗಿ ಕಟ್ಟಿ. ಡೀಸೆಲ್ ಸ್ವಲ್ಪ ಜಾಸ್ತಿ ಕುಡಿಯುತ್ತದೆ, ಬೆನ್ನು ಉಳಿಯುತ್ತದೆ. ಕಟ್ಟದೆ ಮಾತ್ರ ಇಡಬೇಡಿ.

ಒಂದು ಪ್ಲೇಟ್ ತೆಗೆಸಿದ್ರೆ ಮೆತ್ತಗಾಗುತ್ತೆ ಅಂತ ಮೇಸ್ತ್ರಿ ಹೇಳ್ತಾನೆ.

ಯಾವ ಪ್ಲೇಟ್ ಅಂತ ಕೇಳಿ. ಕೆಳಗಡೆ ದಪ್ಪಗೆ, ಚಪ್ಪಟೆಯಾಗಿ ಇರುವುದು ಲೋಡ್ ಬಂದಾಗ ಮಾತ್ರ ತಾಗುವಂಥದ್ದು. ಖಾಲಿ ಗಾಡಿಯಲ್ಲಿ ಅದಕ್ಕೆ ಕೆಲಸವೇ ಇಲ್ಲ. ಅದನ್ನು ತೆಗೆದರೆ ಖಾಲಿ ಒದೆತ ಹಾಗೇ ಇರುತ್ತದೆ, ಲೋಡ್ ಹಾಕಿದ ದಿನ ಮಾತ್ರ ಹಿಂಭಾಗ ಕೂತುಬಿಡುತ್ತದೆ. ಮೇಲಿನ ಪ್ಲೇಟ್‌ಗಳಲ್ಲಿ ಒಂದನ್ನು ತೆಗೆದರೆ ಮೆತ್ತಗಾಗುವುದು ನಿಜ. ಆದರೆ ಉಳಿದವು ಅದರ ಪಾಲನ್ನೂ ಹೊರಬೇಕು. ಘಾಟಿಯ ನಡುವೆ ಮೇನ್ ಪ್ಲೇಟ್ ಮುರಿದರೆ ಆಕ್ಸಲ್ ಓರೆಯಾಗುತ್ತದೆ. ಗಾಡಿಯನ್ನು ಲೋಡಿಗೆ ಬಳಸುವವರು ಇದನ್ನು ಮಾಡಲೇಬಾರದು. ಪೂರ್ತಿ ಸೆಟ್ಟನ್ನೇ ಹಗುರ ಲೋಡಿನದಕ್ಕೆ ಬದಲಾಯಿಸುವುದು ಸರಿಯಾದ ದಾರಿ.

ಶಿರಾಡಿ ಘಾಟಿ ಹತ್ತುವಾಗ ಚೆನ್ನಾಗೇ ಇರುತ್ತೆ. ಹಾಳು ರಸ್ತೇಲಿ ಒಂದು ಗಂಟೆ ಓಡಿದ ಮೇಲೆ ದೋಣಿ ಹಾಗೆ ತೇಲುತ್ತೆ. ಬೆಳಗ್ಗೆ ಮತ್ತೆ ಸರಿ!

ಶಾಕಪ್ ಕಾದು ಸುಸ್ತಾಗುವುದು ಅಂದರೆ ಇದೇ. ಆಯಿಲ್ ಬಿಸಿಯಾಗಿ ತೆಳುವಾಗುತ್ತದೆ, ಮೇಲೆ ನೊರೆಯೂ ಸೇರುತ್ತದೆ. ತಣ್ಣಗಾದರೆ ಸರಿಹೋಗುತ್ತದೆ. ಮೊದಲು ಗಾಡಿಯ ತೂಕ ನೋಡಿಕೊಳ್ಳಿ, ಓವರ್‌ಲೋಡ್ ಇದ್ದರೆ ಯಾವ ಶಾಕಪ್ಪೂ ತಾಳುವುದಿಲ್ಲ. ತೂಕ ಸರಿಯಿದ್ದೂ ಹೀಗಾದರೆ ಆಗ ಮಾನೋಟ್ಯೂಬ್ ಅಥವಾ ಫೋಮ್ ಸೆಲ್‌ಗೆ ದುಡ್ಡು ಹಾಕುವುದಕ್ಕೆ ಅರ್ಥವಿದೆ. ಪಕ್ಕದಲ್ಲಿ ಬೇರೆ ಡಬ್ಬಿ ನೇತಾಡುವ ರಿಮೋಟ್ ರಿಸರ್ವಾಯರ್ ಶಾಕಪ್ ಇದನ್ನೇ ಇನ್ನೂ ಚೆನ್ನಾಗಿ ತಡೆಯುತ್ತದೆ. ಆದರೆ ಅದು ಮರಳುಗಾಡಿನಲ್ಲಿ ರೇಸ್ ಹೊಡೆಯುವವರ ಮಾಲು. ನಮ್ಮ ಕಡೆ ಹಾಕಿಸಿದವರು ಹೆಚ್ಚಾಗಿ ನೋಡಲಿಕ್ಕೆ ಹಾಕಿಸಿದವರು.

ರಿಬೌಂಡ್, ಕಂಪ್ರೆಷನ್ ಅಂತಾರಲ್ಲ, ನಾನು ಯಾವುದನ್ನು ನೋಡ್ಬೇಕು?

ಚಕ್ರ ಮೇಲೆ ಬರುವಾಗ ಶಾಕಪ್ ಕುಗ್ಗುವುದು ಕಂಪ್ರೆಷನ್. ಸ್ಪ್ರಿಂಗ್ ಅದನ್ನು ವಾಪಸ್ ತಳ್ಳುವಾಗ ಹಿಗ್ಗುವುದು ರಿಬೌಂಡ್. ಸಾಮಾನ್ಯವಾಗಿ ರಿಬೌಂಡ್‌ನಲ್ಲೇ ತಡೆ ಜಾಸ್ತಿ ಇಟ್ಟಿರುತ್ತಾರೆ. ಕಂಪ್ರೆಷನ್ ತಡೆ ಜಾಸ್ತಿಯಾದರೆ ಒದೆತ ಹೆಚ್ಚುತ್ತದೆ. ರಿಬೌಂಡ್ ಕಡಿಮೆಯಾದರೆ ಕುಣಿತ. ರಿಬೌಂಡ್ ಅತಿಯಾದರೆ ಇನ್ನೊಂದು ತಮಾಷೆ. ಸಾಲು ಗುಂಡಿಗಳಲ್ಲಿ ಚಕ್ರ ಪೂರ್ತಿ ಕೆಳಗಿಳಿಯುವ ಮೊದಲೇ ಮುಂದಿನ ಏಟು ಬೀಳುತ್ತದೆ, ಗಾಡಿ ಮೆಲ್ಲಮೆಲ್ಲನೆ ತಗ್ಗುತ್ತಾ ಗಟ್ಟಿಯಾಗುತ್ತಾ ಹೋಗುತ್ತದೆ.

ಶಾಕಪ್‌ನ ತಡೆ ವೇಗದ ಮೇಲೂ ನಿಂತಿದೆ. ಇಲ್ಲಿ ವೇಗ ಅಂದರೆ ಗಾಡಿಯ ವೇಗವಲ್ಲ, ರಾಡಿನ ವೇಗ. ದೊಡ್ಡ ಹಂಪಿನಲ್ಲಿ ರಾಡ್ ನಿಧಾನ ಆಡುತ್ತದೆ. ಗುಂಡಿಯ ಚೂಪಾದ ಅಂಚಿಗೆ ಬಡಿದಾಗ ಸರ್ರನೆ ಓಡುತ್ತದೆ. ಒಳ್ಳೆಯ ಶಾಕಪ್‌ನ ವಾಲ್ವ್ ನಿಧಾನಕ್ಕೆ ಬಿಗಿ ಹಿಡಿದು, ಸರ್ರನೆ ಬಂದ ಏಟಿಗೆ ಬಾಯಿ ತೆರೆಯುತ್ತದೆ. ದುಬಾರಿ ಶಾಕಪ್‌ಗೆ ಜಾಸ್ತಿ ದುಡ್ಡು ಕೊಡುವುದು ಈ ವಾಲ್ವಿಗೆ, ಬಣ್ಣಕ್ಕಲ್ಲ.

ಬೇರೆ ಕಂಪನಿ ಶಾಕಪ್ ಹಾಕಿದ್ರೆ ಆರ್‌ಟಿಒ ಹಿಡೀತಾರಾ? ವಾರಂಟಿ ಹೋಗುತ್ತಾ?

ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಂ ಪ್ರಕಾರ ಆರ್‌ಸಿಯ ವಿವರಗಳು ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಸವೆದ ಶಾಕಪ್ ತೆಗೆದು ಅದೇ ಅಳತೆಯ ಇನ್ನೊಂದು ಹಾಕುವುದು ರಿಪೇರಿ. ಎತ್ತರ ಏರಿಸುವುದು, ಅಳತೆ ಮೀರಿದ ಟೈರ್ ಹಾಕುವುದು ತಗಾದೆಗೆ ದಾರಿ. ವಾರಂಟಿ ಇರುವ ಗಾಡಿಯಾದರೆ ಸಸ್ಪೆನ್ಷನ್ ಕ್ಲೇಮ್ ಬಗ್ಗೆ ಡೀಲರ್ ಹತ್ತಿರ ಬರಹದಲ್ಲೇ ಕೇಳಿ. ಬಾಯಿ ಮಾತು ಆಮೇಲೆ ಯಾರಿಗೂ ನೆನಪಿರುವುದಿಲ್ಲ.

ಹೆವಿ ಶಾಕಪ್ ಹಾಕಿದ್ರೆ ಇನ್ನೂ 200 ಕೆ.ಜಿ. ಜಾಸ್ತಿ ಹಾಕ್ಬಹುದಲ್ಲ?

ಇಲ್ಲ. ಶಾಕಪ್ ತೂಕ ಹೊರುವುದಿಲ್ಲ. ಸ್ಪ್ರಿಂಗ್ ಬದಲಾಯಿಸಿದರೂ ಆಕ್ಸಲ್, ಬ್ರೇಕ್, ಟೈರ್, ಚಾಸಿ ಹಳೆಯದೇ. ಆರ್‌ಸಿಯಲ್ಲಿ ಬರೆದ ಒಟ್ಟು ತೂಕವೇ ಮಿತಿ.

ಸರಿ, ಈಗ ನಿಮ್ಮ ಗಾಡೀಲಿ ಏನಿದೆ?

ಹಿಂದೆ ಕಂಪನಿಯ ಹಳೆಯ ಪ್ಲೇಟ್‌ಗಳೇ. ಅಟ್ಟದಿಂದ ಇಳಿಸಿ, ತುಕ್ಕು ಕೆರೆದು, ಹೊಸ ಪ್ಯಾಡ್ ಮತ್ತು ಬುಶ್ ಹಾಕಿಸಿದ್ದೇನೆ. ನಾಲ್ಕೂ ಕಡೆ ಟ್ವಿನ್ ಟ್ಯೂಬ್ ಗ್ಯಾಸ್ ಶಾಕಪ್, ಹಗುರ ಲೋಡಿನದು. ಲಿಫ್ಟ್ ಇಲ್ಲ. ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಗಾಳಿ ನೋಡುವ ಗೇಜ್, ಹಿಂದೆ ಸಿಗರೇಟ್ ಲೈಟರ್‌ಗೆ ಚುಚ್ಚುವ ಸಣ್ಣ ಪಂಪು. ಸಿಮೆಂಟ್ ರಸ್ತೆಯ ಜಾಯಿಂಟ್ ಮೇಲೆ ಈಗಲೂ ಟಕಟಕ ಅನ್ನುತ್ತದೆ. ಹೆವಿ ಪ್ಲೇಟ್‌ಗಳು ಶೆಡ್ಡಿನಲ್ಲಿವೆ, ಬೇಕಾದವರು ಬಂದು ನೋಡಬಹುದು, ರೇಟ್ ಮಾತಾಡೋಣ.